ಕುತ್ತಿಗೆಯ ಹುಟ್ಟುಗಂಟೂ ಅದರೊಳಗೆ ಅಪರೂಪಕ್ಕೆ ಹುಟ್ಟುವ ಏಡಿಗಂತಿಯೂ

ಕುತ್ತಿಗೆಯಲ್ಲಿ ಗಂಟು ಕಂಡರೆ ನಮ್ಮ ಜನ ಅದಕ್ಕೆ ಎರಡೇ ಹೆಸರು ಇಡುತ್ತಾರೆ. ಮುಂಭಾಗದಲ್ಲಿದ್ದರೆ ಗಳಗಂಡ, ಪಕ್ಕದಲ್ಲಿ ಸಾಲಾಗಿದ್ದರೆ ಗಂಡಮಾಲೆ. ಗಳಗಂಡವೆಂದರೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವುದು. ಗಂಡಮಾಲೆಯೆಂದರೆ ಬಹುಮಟ್ಟಿಗೆ ಕ್ಷಯದಿಂದ ಕುತ್ತಿಗೆಯ ಗ್ರಂಥಿಗಳು ಊದಿಕೊಳ್ಳುವುದು. ಎರಡೂ ನಮ್ಮ ದೇಶದಲ್ಲಿ ಸಾಮಾನ್ಯವಾಗಿ ಕಾಣಬರುವ ರೋಗಗಳೇ. ಆದರೆ ಇವೆರಡೂ ಅಲ್ಲದ ಮೂರನೆಯ ಬಗೆಯ ಗಂಟೊಂದುಂಟು. ಅದರ ಬೀಜ ತಾಯಿಯ ಗರ್ಭದಲ್ಲಿಯೇ ಬಿದ್ದಿರುತ್ತದೆ. ಮೇಲೆ ಕಾಣಿಸಿಕೊಳ್ಳುವುದು ಎಷ್ಟೋ ವರ್ಷಗಳ ತರುವಾಯ. ನೋವಿಲ್ಲ, ಜ್ವರವಿಲ್ಲ, ಕೆಲಸಕ್ಕೆ ಅಡ್ಡಿಯಿಲ್ಲ. ಆದುದರಿಂದ ಅದನ್ನು ಹೊತ್ತುಕೊಂಡೇ ಜನ ಹತ್ತಿಪ್ಪತ್ತು ವರ್ಷ ಕಳೆದುಬಿಡುತ್ತಾರೆ. ಇಂಥ ನೂರು ಗಂಟುಗಳಲ್ಲಿ ತೊಂಬತ್ತೊಂಬತ್ತು ನಿರಪಾಯವಾದವು. ಉಳಿದ ಒಂದರಲ್ಲಿ ಏಡಿಗಂತಿ, ಅಂದರೆ ಕ್ಯಾನ್ಸರ್, ಇರಬಹುದು. ಆ ಒಂದು ಯಾವುದೆಂದು ಹೊರಗಿನಿಂದ ಮುಟ್ಟಿ ಹೇಳುವುದು ನುರಿತ ಡಾಕ್ಟರರಿಗೂ ಕಷ್ಟ. ಗಂಟನ್ನು ತೆಗೆದ ಮೇಲೆ ಪ್ರಯೋಗಶಾಲೆಯಿಂದ ಬರುವ ಒಂದು ಹಾಳೆ ಕಾಗದವೇ ಅದನ್ನು ಹೇಳುತ್ತದೆ.

ನಾನು ವೈದ್ಯನಲ್ಲ, ಗಿರಣಿಯ ಗುಮಾಸ್ತ. ರಜೆಯ ಅರ್ಜಿಯ ಜೊತೆಗೆ ಬರುವ ಡಾಕ್ಟರ ಸರ್ಟಿಫಿಕೇಟುಗಳನ್ನು ನೋಡಿ ಫೈಲಿಗೆ ಹಾಕುವುದು ನನ್ನ ಕೆಲಸದ ಒಂದು ಭಾಗ. ಹೊಲಿಗೆ ಬಿಚ್ಚಿದ ದಿನವೇ ಊರಿನ ರೈಲು ಹತ್ತುವವರು, ಪರೀಕ್ಷೆಯ ಕಾಗದ ಬಂದಿತೇ ಎಂದು ಕೇಳಲು ಮತ್ತೆ ಆಸ್ಪತ್ರೆಯ ಮೆಟ್ಟಿಲು ಹತ್ತದವರು ನಮ್ಮಲ್ಲಿ ಬಹಳ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು, ವಾಚನಾಲಯದ ವೈದ್ಯಕೀಯ ಪುಸ್ತಕಗಳಿಂದಲೂ ತಿಳಿದವರಿಂದಲೂ ಅರಿತುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ.

ಗಂಟು ಹುಟ್ಟುವ ಬಗೆ

ಥೈರಾಯ್ಡ್ ಗ್ರಂಥಿ ಇರುವುದು ಕುತ್ತಿಗೆಯ ತಳದಲ್ಲಿ, ಶ್ವಾಸನಾಳದ ಮುಂದುಗಡೆ. ಆದರೆ ಅದು ಹುಟ್ಟುವುದು ಅಲ್ಲಲ್ಲ. ಗರ್ಭದ ನಾಲ್ಕನೆಯ ವಾರದ ಸುಮಾರಿಗೆ ಅದು ನಾಲಗೆಯ ಬುಡದಲ್ಲಿ ಸಣ್ಣ ಮೊಳಕೆಯಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ಬಾವಿಗೆ ಇಳಿಬಿಟ್ಟ ಕೊಡದಂತೆ ಕೆಳಕ್ಕೆ ಇಳಿಯುತ್ತ, ಏಳನೆಯ ವಾರದ ಹೊತ್ತಿಗೆ ತನ್ನ ಸ್ಥಾನವನ್ನು ಸೇರುತ್ತದೆ. ಕೊಡದ ಹಿಂದೆ ಹಗ್ಗವಿರುವಂತೆ, ಇಳಿದ ದಾರಿಯುದ್ದಕ್ಕೂ ಸೂಕ್ಷ್ಮವಾದ ಒಂದು ನಾಳವಿರುತ್ತದೆ. ಹತ್ತನೆಯ ವಾರದ ಸುಮಾರಿಗೆ ಈ ನಾಳ ಕರಗಿಹೋಗಬೇಕು. ಅದು ಹೊರಟ ಜಾಗದ ಗುರುತಾಗಿ ನಾಲಗೆಯ ಹಿಂಭಾಗದಲ್ಲಿ ಒಂದು ಸಣ್ಣ ಕುಳಿ ಮಾತ್ರ ಜೀವಮಾನವಿಡೀ ಉಳಿಯುತ್ತದೆ.

ಕೆಲವರಲ್ಲಿ ನಾಳ ಪೂರ್ತಿಯಾಗಿ ಕರಗುವುದಿಲ್ಲ. ೧೯೭೭ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ೨೦೦ ಮಂದಿ ಮೃತ ವಯಸ್ಕರ ಕಂಠಗಳನ್ನು ನೋಡಿದಾಗ ನೂರಕ್ಕೆ ಏಳರಲ್ಲಿ ಇದರ ಅವಶೇಷ ದೊರೆಯಿತು. ಬಹು ಮಂದಿಗೆ ಅದರಿಂದ ಯಾವ ತೊಂದರೆಯೂ ಆಗುವುದಿಲ್ಲ. ಕೆಲವರಲ್ಲಿ ಮಾತ್ರ ಉಳಿದ ನಾಳದೊಳಗೆ ಲೋಳೆಯಂಥ ದ್ರವ ಒಸರಿ ಚೀಲ ಕಟ್ಟುತ್ತದೆ. ಇದಕ್ಕೆ ಡಾಕ್ಟರರು ಥೈರೋಗ್ಲಾಸಲ್ ಸಿಸ್ಟ್ ಎನ್ನುತ್ತಾರೆ. ಸಿಸ್ಟ್ ಎಂದರೆ ದ್ರವ ತುಂಬಿದ ಚೀಲ. ಅಡಿಕೆಯಷ್ಟು ಇರಬಹುದು, ನಿಂಬೆಹಣ್ಣಿನಷ್ಟೂ ಆಗಬಹುದು. ಹೆಚ್ಚಾಗಿ ಮಕ್ಕಳಲ್ಲಿ ಕಾಣುವುದಾದರೂ ಮೂವತ್ತು ನಲವತ್ತರ ವಯಸ್ಸಿನಲ್ಲಿ ಮೊದಲು ಕಾಣಿಸಿಕೊಳ್ಳುವುದೂ ಉಂಟು.

ಇದನ್ನು ಗುರುತಿಸಲು ಒಂದು ಸುಲಭದ ಪರೀಕ್ಷೆಯಿದೆ. ಗದ್ದಕ್ಕೂ ಗಂಟಲಿನ ಉಬ್ಬಿಗೂ ನಡುವೆ ಲಾಳದ ಆಕಾರದ ಸಣ್ಣ ಮೂಳೆಯೊಂದಿದೆ, ಹೆಸರು ಹಯಾಯ್ಡ್. ಮೈಯ ಬೇರೆ ಯಾವ ಮೂಳೆಗೂ ನೇರವಾಗಿ ಕೂಡಿಕೊಳ್ಳದೆ ಸ್ನಾಯುಗಳ ನಡುವೆ ತೂಗಿಕೊಂಡಿರುವ ಮೂಳೆ ಇದು. ಹಳೆಯ ನಾಳ ಈ ಮೂಳೆಗೆ ಅಂಟಿಕೊಂಡೇ ಹಾದುಹೋಗುತ್ತದೆ. ಆದುದರಿಂದ ಕನ್ನಡಿಯ ಮುಂದೆ ಕುಳಿತು, ಬಾಯಿ ತೆರೆದು ದವಡೆಯನ್ನು ಅಲುಗಿಸದೆ ನಾಲಗೆಯನ್ನು ಹೊರಚಾಚಿದರೆ ಈ ಗಂಟು ಮೇಲಕ್ಕೆ ಜಗ್ಗುತ್ತದೆ. ಗಳಗಂಡವಾದರೆ ಉಗುಳು ನುಂಗುವಾಗ ಮೇಲೇರುತ್ತದೆಯೇ ಹೊರತು ನಾಲಗೆ ಚಾಚಿದ್ದಕ್ಕೆ ಸಾಮಾನ್ಯವಾಗಿ ಏರುವುದಿಲ್ಲ. ಇದು ಮೊದಲ ಗುರುತು ಮಾತ್ರ. ಗಂಟು ಮೇಲೇರಿತೆಂದ ಮಾತ್ರಕ್ಕೆ ಒಳಗೆ ಕ್ಯಾನ್ಸರ್ ಇಲ್ಲವೆಂದು ತೀರ್ಮಾನಿಸಕೂಡದು.

ಚೀಲದ ಗೋಡೆಯಲ್ಲಿ ಥೈರಾಯ್ಡಿನ ಜೀವಕೋಶಗಳು ಅಲ್ಲಲ್ಲಿ ಉಳಿದಿರುತ್ತವೆ. ಥೈರಾಯ್ಡ್ ಗ್ರಂಥಿಗೆ ಬರಬಹುದಾದ ಕ್ಯಾನ್ಸರ್ ಇವಕ್ಕೂ ಬರಬಹುದು. ಇಂಥದನ್ನು ಮೊದಲು ವರ್ಣಿಸಿದವರು ಬ್ರೆಂಟಾನೊ ಎಂಬ ವೈದ್ಯರು, ೧೯೧೧ರಲ್ಲಿ. ಐದರಲ್ಲಿ ನಾಲ್ಕಕ್ಕೂ ಮೀರಿ ಪ್ಯಾಪಿಲರಿ ಎಂಬ ಬಗೆಯದು. ಮೆಲ್ಲಗೆ ಬೆಳೆಯುವಂಥದು, ಚಿಕಿತ್ಸೆಗೆ ಬಗ್ಗುವಂಥದು. ನೂರಕ್ಕೆ ಐದರಷ್ಟು ಸ್ಕ್ವೇಮಸ್ ಎಂಬ ಬಗೆಯದು. ಇದು ನಾಳದ ಒಳಪೊರೆಯಿಂದ ಹುಟ್ಟುವುದು, ಹಟಮಾರಿ. ಥೈರಾಯ್ಡಿನಲ್ಲಿ ಮೆಡ್ಯುಲರಿ ಎಂಬ ಇನ್ನೊಂದು ಬಗೆಯ ಕ್ಯಾನ್ಸರ್ ಬರುವುದುಂಟು. ಅದು ಈ ಚೀಲದಲ್ಲಿ ಹುಟ್ಟುವುದಿಲ್ಲ. ಏಕೆಂದರೆ ಆ ಬಗೆಯ ಜೀವಕೋಶಗಳು ನಾಲಗೆಯ ಬುಡದಿಂದ ಇಳಿದು ಬಂದವಲ್ಲ, ಪಕ್ಕದ ದಾರಿಯಿಂದ ಬಂದು ಥೈರಾಯ್ಡನ್ನು ಸೇರಿಕೊಂಡವು. ಹೆರವರ ಮನೆಗೆ ಬಾಡಿಗೆಗೆ ಬಂದವರ ಹಾಗೆ, ಎನ್ನಿ.

ಸಿಸ್ಟ್ರಂಕರ ಶಸ್ತ್ರಕ್ರಿಯೆ

ಚೀಲವನ್ನು ಮಾತ್ರ ಕಿತ್ತರೆ ಸಾಲದೇ ಎಂದು ಕೇಳಬಹುದು. ಹಿಂದೆ ಹಾಗೆಯೇ ಮಾಡುತ್ತಿದ್ದರು. ಸುಮಾರು ಅರ್ಧದಷ್ಟು ಮಂದಿಗೆ ಗಂಟು ಮತ್ತೆ ಬರುತ್ತಿತ್ತು. ಕೊಡವನ್ನು ತೆಗೆದು ಹಗ್ಗವನ್ನು ಬಿಟ್ಟರೆ ಮತ್ತೇನಾದೀತು? ೧೮೯೩ರಲ್ಲಿ ಜರ್ಮನಿಯ ಶ್ಲಾಂಗೆ ಎಂಬ ಶಸ್ತ್ರವೈದ್ಯರು ಹಯಾಯ್ಡ್ ಮೂಳೆಯ ನಡುಭಾಗವನ್ನೂ ಸೇರಿಸಿ ತೆಗೆಯಬೇಕೆಂದರು. ಅಮೆರಿಕದ ರಾಚೆಸ್ಟರ್ ಊರಿನ ಮೇಯೋ ಕ್ಲಿನಿಕ್ಕಿನಲ್ಲಿದ್ದ ವಾಲ್ಟರ್ ಸಿಸ್ಟ್ರಂಕ್ ಅವರು ೧೯೨೦ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಮೂಳೆಯಿಂದ ಮೇಲೆ ನಾಲಗೆಯ ಬುಡದ ಕುಳಿಯ ತನಕ ಇರುವ ಮಾಂಸದ ತಿರುಳನ್ನೂ ಒಟ್ಟಿಗೆ ತೆಗೆಯುವ ಕ್ರಮವನ್ನು ಬರೆದಿಟ್ಟರು. ನೂರು ವರ್ಷ ಕಳೆದರೂ ಅದೇ ಕ್ರಮ ನಡೆದುಬಂದಿದೆ. ಈ ಕ್ರಮದಲ್ಲಿ ಗಂಟು ಮರಳುವುದು ನೂರಕ್ಕೆ ಹತ್ತಕ್ಕಿಂತ ಕಡಿಮೆ.

ಶಸ್ತ್ರಕ್ರಿಯೆಗೆ ಮೊದಲು ಅಲ್ಟ್ರಾಸೌಂಡ್ ಪರೀಕ್ಷೆ ಆಗತಕ್ಕದ್ದು. ಚೀಲದೊಳಗೆ ದ್ರವ ಮಾತ್ರವಿದೆಯೇ, ಗಟ್ಟಿಯಾದ ತುಂಡೇನಾದರೂ ಇದೆಯೇ, ಅದರಲ್ಲಿ ಸುಣ್ಣದ ಸಣ್ಣ ಹರಳುಗಳಂಥ ಚುಕ್ಕೆಗಳಿವೆಯೇ ಎಂಬುದು ಅದರಲ್ಲಿ ಕಾಣುತ್ತದೆ. ಗಟ್ಟಿ ತುಂಡೂ ಹರಳೂ ಕ್ಯಾನ್ಸರಿನ ಅನುಮಾನಕ್ಕೆ ಎಡೆಮಾಡಿಕೊಡುತ್ತವೆ. ಅಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಥೈರಾಯ್ಡ್ ತನ್ನ ಸ್ಥಾನದಲ್ಲಿ ಇದೆಯೇ ಎಂದು ನೋಡಬೇಕು. ಬಲು ಅಪರೂಪಕ್ಕೆ, ಕೆಳಗೆ ಇಳಿಯದೆ ದಾರಿಯಲ್ಲೇ ನಿಂತ ಥೈರಾಯ್ಡೇ ಗಂಟಿನಂತೆ ಕಾಣಿಸುತ್ತಿರುತ್ತದೆ. ಆ ಮನುಷ್ಯನಿಗೆ ಇರುವ ಥೈರಾಯ್ಡೆಲ್ಲ ಅಷ್ಟೇ. ನೋಡದೆ ತೆಗೆದರೆ ಅವನನ್ನು ಸುಮ್ಮನೆ ಜೀವಮಾನದ ಮಾತ್ರೆಗೆ ಕಟ್ಟಿಹಾಕಿದಂತಾಯಿತು.

ಸೂಜಿ ಚುಚ್ಚಿ ದ್ರವ ತೆಗೆದು ಪರೀಕ್ಷಿಸುವುದೂ ಉಂಟು. ಇದರಿಂದ ಕ್ಯಾನ್ಸರ್ ಹರಡುತ್ತದೆಂದು ನಮ್ಮವರು ಹೆದರುತ್ತಾರೆ. ತೆಳು ಸೂಜಿಯ ಈ ಪರೀಕ್ಷೆಗೆ ಹಾಗೆ ಹೆದರಬೇಕಾಗಿಲ್ಲ. ಆದರೆ ಇದರ ಮಿತಿಯನ್ನು ತಿಳಿದಿರಬೇಕು. ಸೂಜಿಗೆ ಬರೀ ನೀರು ಸಿಕ್ಕಿ, ಗೋಡೆಯ ಮೇಲಿನ ಕ್ಯಾನ್ಸರ್ ತಪ್ಪಿಹೋಗುವುದು ಬಹಳ ಸಲ ಆಗುತ್ತದೆ. ಸೂಜಿಯ ಕಾಗದದಲ್ಲಿ ‘ಇಲ್ಲ’ ಎಂದು ಬಂದರೆ ಅದು ಕೊನೆಯ ತೀರ್ಪಲ್ಲ.

ರೋಗಿಗೆ ಪೂರ್ತಿ ಪ್ರಜ್ಞೆ ತಪ್ಪಿಸಿ, ಚರ್ಮದ ಮಡಿಕೆಯ ಗುಂಟ ಅಡ್ಡವಾಗಿ ಕೊಯ್ದು, ಚೀಲವನ್ನು ಒಡೆಯದಂತೆ ಬಿಡಿಸಿಕೊಂಡು, ಮೂಳೆಯ ನಡುವಿನ ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚಿನ ಭಾಗವನ್ನೂ ಮೇಲಿನ ತಿರುಳನ್ನೂ ಒಂದೇ ತುಂಡಾಗಿ ತೆಗೆಯುತ್ತಾರೆ. ಮೂಳೆ ಹೋದರೆ ಮಾತು ನಿಲ್ಲುತ್ತದೆಯೇ ಎಂದು ವಾಚನಾಲಯದಲ್ಲಿ ಒಬ್ಬರು ಕೇಳಿದ್ದರು. ಇಲ್ಲ. ಕೆಲವು ದಿನ ನುಂಗುವಾಗ ನೋವಿರುತ್ತದೆ, ಗಂಜಿ ಕುಡಿದುಕೊಂಡಿರಬೇಕು. ಆಮೇಲೆ ಮಾತಿಗಾಗಲಿ ಊಟಕ್ಕಾಗಲಿ ಕೊರತೆಯಿರುವುದಿಲ್ಲ.

ಗಂಟು ಕೆಂಪಾಗಿ ಕೀವು ತುಂಬಿದಾಗ ಬೀದಿಯ ಕ್ಲಿನಿಕ್ಕಿನಲ್ಲಿ ಕುರುವೆಂದು ಬಗೆದು ಸೀಳಿಸಿಕೊಳ್ಳುವುದು ಒಳ್ಳೆಯದಲ್ಲ. ಒಳಗೆಲ್ಲ ಕಲೆ ಕಟ್ಟಿ, ಮುಂದೆ ಸರಿಯಾದ ಶಸ್ತ್ರಕ್ರಿಯೆ ಮಾಡುವವರಿಗೆ ದಾರಿಯೇ ತಿಳಿಯದಂತಾಗುತ್ತದೆ. ಮೊದಲು ಔಷಧದಿಂದ ಕೀವನ್ನು ಆರಿಸಿಕೊಂಡು, ಕೆಲವು ವಾರ ಬಿಟ್ಟು ಪೂರ್ತಿಯಾಗಿ ತೆಗೆಸಬೇಕು.

ಕಾಗದದಲ್ಲಿ ಕ್ಯಾನ್ಸರ್ ಎಂದು ಬಂದರೆ

ತೆಗೆದ ತುಂಡನ್ನು ಪ್ರಯೋಗಶಾಲೆಯಲ್ಲಿ ಮೇಣದಲ್ಲಿ ಎರಕ ಹೊಯ್ದು, ಎಲೆಗಿಂತಲೂ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಇದಕ್ಕೆ ಒಂದು ವಾರವೋ ಹತ್ತು ದಿನವೋ ಹಿಡಿಯುತ್ತದೆ. ಈ ಹತ್ತು ದಿನಗಳಲ್ಲೇ ನಮ್ಮವರು ಕೈತಪ್ಪಿ ಹೋಗುವುದು. ಬಳ್ಳಾರಿ ಕಡೆಯ ಒಬ್ಬ ಹಮಾಲಿ, ಎರಡು ಮಕ್ಕಳ ತಂದೆ, ಒಂದು ಖಾಸಗಿ ನರ್ಸಿಂಗ್ ಹೋಮಿನಲ್ಲಿ ಗಂಟು ತೆಗೆಸಿಕೊಂಡ. ಹೊಲಿಗೆ ಬಿಚ್ಚಿದ ಮರುದಿನ ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದ. ಅವನೂ ಕೇಳಲಿಲ್ಲ, ಅವರೂ ಹೇಳಿ ಕಳಿಸಲಿಲ್ಲ. ಎರಡು ವರ್ಷದ ಮೇಲೆ ಕುತ್ತಿಗೆಯ ಪಕ್ಕದಲ್ಲಿ ಹೊಸ ಗಂಟುಗಳು ಬಂದಾಗ ಹಳೆಯ ಫೈಲು ತೆಗೆಸಿದರೆ, ಪ್ಯಾಪಿಲರಿ ಕ್ಯಾನ್ಸರ್ ಎಂದು ಅಚ್ಚಾದ ಕಾಗದ ಅದರಲ್ಲೇ ಮಡಿಸಿಕೊಂಡು ಕುಳಿತಿತ್ತು. ಆಗ ಅವನಿಗೆ ದೊಡ್ಡ ಶಸ್ತ್ರಕ್ರಿಯೆಯೇ ಆಗಬೇಕಾಯಿತು. ಈಗ ಗುಣವಾಗಿ, ಭಾರ ಹೊರುವುದನ್ನು ಬಿಟ್ಟು ಗೋದಾಮಿನ ಕಾವಲಿಗಿದ್ದಾನೆ.

ಇನ್ನು ಕಾಗದದಲ್ಲಿ ಹಾಗೆ ಬಂದಾಗ ಮುಂದೇನು ಎಂಬುದು. ಇಲ್ಲಿ ಶಸ್ತ್ರವೈದ್ಯರಲ್ಲಿಯೇ ಎರಡು ಮತಗಳಿವೆ, ಎರಡಕ್ಕೂ ಕಾರಣಗಳುಂಟು. ಕ್ಯಾನ್ಸರ್ ಸಣ್ಣದು, ಚೀಲದ ಗೋಡೆಯನ್ನು ದಾಟಿಲ್ಲ, ಥೈರಾಯ್ಡಿನಲ್ಲಿ ಗಂಟಿಲ್ಲ, ಪಕ್ಕದ ಗ್ರಂಥಿಗಳು ಊದಿಲ್ಲ, ರೋಗಿಗೆ ವಯಸ್ಸು ಹೆಚ್ಚಿಲ್ಲ, ಇಷ್ಟೂ ಕೂಡಿಬಂದರೆ ಸಿಸ್ಟ್ರಂಕರ ಶಸ್ತ್ರಕ್ರಿಯೆಯೊಂದೇ ಸಾಕು, ಆಮೇಲೆ ನಿಯಮಿತವಾಗಿ ಪರೀಕ್ಷೆ ಮಾಡಿಸುತ್ತಿದ್ದರಾಯಿತು ಎಂಬುದು ಒಂದು ಮತ. ಚೀಲದಲ್ಲಿ ಕ್ಯಾನ್ಸರ್ ಇರುವವರಲ್ಲಿ ಕೆಲವರ ಥೈರಾಯ್ಡಿನಲ್ಲಿಯೂ ಹೊರಗೆ ಕಾಣದ ಸಣ್ಣ ಕ್ಯಾನ್ಸರ್ ಸಿಗುತ್ತದೆ, ಆದ್ದರಿಂದ ಥೈರಾಯ್ಡನ್ನೂ ಪೂರ್ತಿ ತೆಗೆಯುವುದೇ ಮೇಲು ಎಂಬುದು ಇನ್ನೊಂದು. ಗೋಡೆ ದಾಟಿದ್ದರೆ, ಥೈರಾಯ್ಡಿನಲ್ಲಿ ಗಂಟಿದ್ದರೆ, ಗ್ರಂಥಿಗಳಿಗೆ ಹರಡಿದ್ದರೆ ಮಾತ್ರ ವಾದವಿಲ್ಲ. ಥೈರಾಯ್ಡನ್ನೂ ರೋಗ ತಗುಲಿದ ಗ್ರಂಥಿಗಳನ್ನೂ ತೆಗೆದು, ಬೇಕೆನಿಸಿದರೆ ವಿಕಿರಣವುಳ್ಳ ಅಯೋಡಿನ್ ಕುಡಿಸುತ್ತಾರೆ. ಥೈರಾಯ್ಡಿನ ಜೀವಕೋಶ ಎಲ್ಲಿದ್ದರೂ ಅಯೋಡಿನ್ನನ್ನು ಹೀರಿಕೊಳ್ಳುವುದು ಅದರ ಸ್ವಭಾವ. ಅದೇ ಸ್ವಭಾವವೇ ಅದಕ್ಕೆ ಮುಳುವಾಗುತ್ತದೆ.

ನನಗೆ ತೋಚುವುದೇನೆಂದರೆ, ಯಾವ ಮತದ ಡಾಕ್ಟರಾದರೂ ಕಾರಣ ಬಿಡಿಸಿ ಹೇಳುವವರಿದ್ದರೆ ಒಳ್ಳೆಯದು. ಥೈರಾಯ್ಡ್ ತೆಗೆಯುವುದು ಹಗುರವಾದ ಮಾತಲ್ಲ. ಅದರ ಹಿಂಬದಿಗೆ ಕಾಳಿನಷ್ಟು ಗಾತ್ರದ ನಾಲ್ಕು ಬೇರೆ ಗ್ರಂಥಿಗಳು ಅಂಟಿಕೊಂಡಿರುತ್ತವೆ. ಅವಕ್ಕೆ ಪೆಟ್ಟಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಇಳಿದು ಬೆರಳ ತುದಿ, ತುಟಿ ಜುಮುಗುಡುತ್ತವೆ. ಶಸ್ತ್ರಕ್ರಿಯೆಯಾದ ಒಂದೆರಡು ದಿನದಲ್ಲಿ ಹೀಗಾದರೆ ಆಸ್ಪತ್ರೆಗೆ ಕೂಡಲೆ ತಿಳಿಸಬೇಕು. ಧ್ವನಿಯ ನರವೂ ಅಲ್ಲೇ ಹಾದುಹೋಗುತ್ತದೆ. ಮತ್ತು ಥೈರಾಕ್ಸಿನ್ ಮಾತ್ರೆ ಜೀವಮಾನವಿಡೀ ತಪ್ಪದು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನುಂಗಿ, ಕಾಫಿಗೂ ತಿಂಡಿಗೂ ಅರ್ಧ ಗಂಟೆಯಿಂದ ಒಂದು ಗಂಟೆ ಬಿಡಬೇಕು. ರಾತ್ರಿ ಪಾಳಿಯವರು ಮಲಗುವ ಮುನ್ನ, ಊಟವಾಗಿ ಮೂರು ಗಂಟೆ ಕಳೆದ ಮೇಲೆ ತೆಗೆದುಕೊಳ್ಳಬಹುದೇ ಎಂದು ತಮ್ಮ ಡಾಕ್ಟರನ್ನು ಕೇಳಿಕೊಳ್ಳಲಿ.

ಪ್ಯಾಪಿಲರಿ ಬಗೆಯಾದರೆ ಸರಿಯಾದ ಚಿಕಿತ್ಸೆಯಿಂದ ನೂರಕ್ಕೆ ತೊಂಬತ್ತೈದಕ್ಕೂ ಹೆಚ್ಚು ಮಂದಿ ಉಳಿಯುತ್ತಾರೆ. ಕ್ಯಾನ್ಸರ್ ಎಂಬ ಹೆಸರು ಕೇಳಿದೊಡನೆ ಚೀಟಿ ಹಣ ಎತ್ತಿ, ಹೊಲ ಮಾರಿ, ಊರಿನ ನಾಟಿ ಔಷಧದ ಬೆನ್ನು ಹತ್ತುವವರು ಈ ಲೆಕ್ಕವನ್ನು ತಿಳಿದಿರಬೇಕು. ಸ್ಕ್ವೇಮಸ್ ಬಗೆಗೆ ಮಾತ್ರ ಅಗಲವಾದ ಶಸ್ತ್ರಕ್ರಿಯೆಯ ಜೊತೆಗೆ ವಿಕಿರಣ ಚಿಕಿತ್ಸೆಯೂ ಬೇಕಾಗುತ್ತದೆ.

ಪಕ್ಕದ ಗಂಟು ಬೇರೆ ಕಥೆ

ಕುತ್ತಿಗೆಯ ಪಕ್ಕದಲ್ಲಿ, ದವಡೆಯ ಮೂಲೆಯ ಕೆಳಗೆ ಬರುವ ಹುಟ್ಟುಗಂಟು ಇನ್ನೊಂದು ಬಗೆಯದು. ಭ್ರೂಣದ ಕುತ್ತಿಗೆಯಲ್ಲಿ ಮೀನಿನ ಕಿವಿರುಗಳನ್ನು ಹೋಲುವ ಮಡಿಕೆಗಳು ಮೂಡಿ, ಆಮೇಲೆ ಕೂಡಿಕೊಳ್ಳುತ್ತವೆ. ಅವುಗಳ ಅವಶೇಷದಿಂದ ಹುಟ್ಟುವ ಈ ಚೀಲಕ್ಕೆ ಬ್ರಾಂಕಿಯಲ್ ಸಿಸ್ಟ್ ಎಂದು ಹೆಸರು. ಇದರಲ್ಲೇ ಕ್ಯಾನ್ಸರ್ ಹುಟ್ಟುತ್ತದೆಂದು ಜರ್ಮನಿಯ ಫೋಲ್ಕ್‌ಮನ್ ೧೮೮೨ರಲ್ಲಿ ಬರೆದರು. ಆಮೇಲೆ ಬಹಳ ಮಂದಿ ಅಂಥದನ್ನು ಕಂಡೆವೆಂದರು. ನ್ಯೂಯಾರ್ಕಿನ ಹೇಯ್ಸ್ ಮಾರ್ಟಿನ್ ೧೯೫೦ರಲ್ಲಿ ಸಂಗಡಿಗರೊಂದಿಗೆ ಈ ಲೆಕ್ಕವನ್ನು ಜಾಲಿಸಿ ನೋಡಿ, ಕಟ್ಟುನಿಟ್ಟಾದ ಷರತ್ತುಗಳನ್ನು ಹಾಕಿದರು. ಗಂಟು ತಕ್ಕ ಸ್ಥಳದಲ್ಲಿರಬೇಕು. ಅದರ ಅಂಗಾಂಶ ಆ ಮೂಲಕ್ಕೆ ಹೊಂದಬೇಕು. ಚೀಲದ ಗೋಡೆಯಲ್ಲೇ ಕ್ಯಾನ್ಸರ್ ಹುಟ್ಟಿದ್ದು ಕಣ್ಣಿಗೆ ಕಾಣಬೇಕು. ಐದು ವರ್ಷ ಕಾದು ನೋಡಿದರೂ ಬೇರೆಲ್ಲೂ ಮೂಲ ಕ್ಯಾನ್ಸರ್ ಸಿಗಕೂಡದು. ಈ ಜರಡಿಯಲ್ಲಿ ಉಳಿದವು ಬೆರಳೆಣಿಕೆಯಷ್ಟು ಮಾತ್ರ.

ಹಾಗಾದರೆ ಉಳಿದವು ಏನು? ಗಂಟಲಿನ ಟಾನ್ಸಿಲ್, ನಾಲಗೆಯ ಬುಡ ಅಥವಾ ಥೈರಾಯ್ಡಿನಲ್ಲಿ ಅಡಗಿದ್ದ ಕ್ಯಾನ್ಸರ್ ಕುತ್ತಿಗೆಯ ಗ್ರಂಥಿಗೆ ಹರಡಿ, ಆ ಗ್ರಂಥಿಯ ಒಳಗು ಕರಗಿ ನೀರಾಗಿ, ಚೀಲದ ವೇಷ ಹಾಕಿದ್ದು. ಮೂಲದ ಹುಣ್ಣು ಸಾಸಿವೆಯಷ್ಟಿರಬಹುದು, ಕುತ್ತಿಗೆಯ ಗಂಟು ಮೊಟ್ಟೆಯಷ್ಟಿರಬಹುದು. ನಲವತ್ತು ದಾಟಿದವರಿಗೆ ಪಕ್ಕದಲ್ಲಿ ಹೊಸದಾಗಿ ಚೀಲಗಂಟು ಬಂದರೆ, ಇದು ಹುಟ್ಟಿನದೆಂದು ಯಾರಾದರೂ ಸಮಾಧಾನ ಹೇಳಿದರೂ ಒಪ್ಪಬೇಡಿ. ಬಾಯಿ, ಗಂಟಲು, ಮೂಗಿನ ಹಿಂಬದಿ ಎಲ್ಲವನ್ನೂ ದುರ್ಬೀನು ಹಾಕಿ ನೋಡಿಸಿ, ಸೂಜಿ ಪರೀಕ್ಷೆ ಮಾಡಿಸಿದ ಮೇಲೆಯೇ ಕತ್ತಿಗೆ ಕೊರಳೊಡ್ಡುವುದು. ಅದೇ ಸೂಜಿಯ ದ್ರವದಲ್ಲಿ ಕ್ಷಯದ ಪರೀಕ್ಷೆಯನ್ನೂ ಮಾಡಿಸಬಹುದು.

ನಾವಿರುವ ಸೀಮೆಯಲ್ಲಿ ಈ ಎಚ್ಚರಿಕೆ ಇಮ್ಮಡಿ ಬೇಕು. ಕರಾವಳಿ ಆಂಧ್ರದ ಹಳ್ಳಿಗಳಲ್ಲಿ ಚುಟ್ಟವನ್ನು ಉರಿಯುವ ತುದಿ ಬಾಯೊಳಗಿಟ್ಟು ಸೇದುವ ರೂಢಿ ಹೆಂಗಸರಲ್ಲಿಯೂ ಉಂಟು. ಶ್ರೀಕಾಕುಳಂ ಜಿಲ್ಲೆಯ ೧೦,೧೬೯ ಮಂದಿ ಗ್ರಾಮಸ್ಥರ ಬಾಯಿಯನ್ನು ಪರೀಕ್ಷಿಸಿ ಡೆನ್ಮಾರ್ಕಿನ ಪಿಂಡ್‌ಬೋರ್ಗರೂ ಭಾರತದ ವೈದ್ಯರೂ ೧೯೭೧ರಲ್ಲಿ ಪ್ರಕಟಿಸಿದ ವರದಿ, ಈ ರೂಢಿ ಅಂಗುಳಿಗೆ ಮಾಡುವ ಹಾನಿಯನ್ನು ಜಗತ್ತಿಗೇ ತಿಳಿಸಿತು. ನಮ್ಮವರು ಚುಟ್ಟ ಸೇದುವುದಿಲ್ಲವೆಂದು ಹೆಮ್ಮೆಪಡುವಂತಿಲ್ಲ. ಆಟೋನಗರದಲ್ಲಿ ಲಾರಿ ಬಾಡಿ ಕಟ್ಟುವ ನಮ್ಮ ಹುಡುಗರ ಜೇಬಿನಲ್ಲಿ ಗುಟಕಾ ಇದೆ, ಹಿರಿಯರ ಎಲೆಯ ಚೀಲದಲ್ಲಿ ಕಡ್ಡಿಪುಡಿ ಇದೆ.

ರಜೆ, ಸಂಬಳ, ಕಾಗದಪತ್ರ

ಇದು ನನ್ನ ಕಸುಬಿನ ವಿಷಯವಾದ್ದರಿಂದ ಸ್ವಲ್ಪ ಧೈರ್ಯದಿಂದ ಬರೆಯಬಲ್ಲೆ. ಶಸ್ತ್ರಕ್ರಿಯೆಗೆ ಒಪ್ಪಿ ಸಹಿ ಹಾಕುವ ಹೊತ್ತಿನಲ್ಲೇ ಎರಡು ಮಾತು ಕೇಳಿಕೊಳ್ಳಿ: ತೆಗೆದ ತುಂಡನ್ನು ಪ್ರಯೋಗಶಾಲೆಗೆ ಕಳಿಸುತ್ತೀರಾ, ಕಾಗದ ಯಾವ ತಾರೀಕಿಗೆ ಬರುತ್ತದೆ. ಆ ತಾರೀಕನ್ನು ಬಿಡುಗಡೆಯ ಚೀಟಿಯ ಮೇಲೆ ಬರೆಸಿಕೊಳ್ಳಿ. ಊರಿಗೆ ಹೋಗುವುದು ತಪ್ಪದಿದ್ದರೆ ಕೋಣೆಯ ಜೊತೆಗಾರನಿಗೆ ಚೀಟಿ ಕೊಟ್ಟು ಹೋಗಿ, ಅವನು ಕಾಗದದ ಚಿತ್ರ ತೆಗೆದು ಫೋನಿಗೆ ಕಳಿಸಲಿ.

ಕ್ಯಾನ್ಸರ್ ಎಂದಾಗ ಹಲವರು ಬೆಂಗಳೂರಿನ ಕಿದ್ವಾಯಿ ಸಂಸ್ಥೆಗೆ ಹೋಗಬಯಸುತ್ತಾರೆ. ೧೯೭೩ರಲ್ಲಿ ಆರಂಭವಾದ ಈ ಸಂಸ್ಥೆಯಲ್ಲಿ ಕನ್ನಡದಲ್ಲೇ ಮಾತಾಡಬಹುದೆಂಬ ನೆಮ್ಮದಿಯೂ ಇದೆ. ವಿಶಾಖಪಟ್ಟಣದ ಕಡೆಯವರಿಗೆ ಅಗನಂಪೂಡಿಯಲ್ಲಿ ಟಾಟಾ ಸ್ಮಾರಕ ಕೇಂದ್ರದವರ ಹೋಮಿ ಭಾಭಾ ಕ್ಯಾನ್ಸರ್ ಆಸ್ಪತ್ರೆ ಹತ್ತಿರ. ಎಲ್ಲಿಗೆ ಹೋದರೂ ಬರೀ ಕಾಗದ ಹಿಡಿದುಕೊಂಡು ಹೋಗಬೇಡಿ. ಮೊದಲಿನ ಪ್ರಯೋಗಶಾಲೆಯಿಂದ ಗಾಜಿನ ಸ್ಲೈಡುಗಳನ್ನೂ ಮೇಣದ ತುಂಡನ್ನೂ ಕೇಳಿ ಪಡೆಯಿರಿ. ಅರ್ಜಿ ಕೊಟ್ಟರೆ ಕೊಡುತ್ತಾರೆ. ಹೊಸ ಆಸ್ಪತ್ರೆಯವರು ತಮ್ಮ ಕಣ್ಣಿನಿಂದಲೇ ಮತ್ತೆ ನೋಡಿ ತೀರ್ಮಾನಿಸುತ್ತಾರೆ. ಇವಿಲ್ಲದೆ ಹೋದವರು ಬೆಂಗಳೂರಿನಿಂದ ವಿಜಯವಾಡಕ್ಕೆ ಮತ್ತೊಮ್ಮೆ ಬಂದು ಹೋಗಬೇಕಾಗುತ್ತದೆ. ೨೦೧೮ರಲ್ಲಿ ಬಂದ ಆಯುಷ್ಮಾನ್ ಭಾರತದ ಕಾರ್ಡು ಊರಿನಲ್ಲಿ ಮಾಡಿಸಿದ್ದರೂ, ಯೋಜನೆಗೆ ಸೇರಿದ ಬೇರೆ ರಾಜ್ಯದ ಆಸ್ಪತ್ರೆಯಲ್ಲಿಯೂ ನಡೆಯುತ್ತದೆ. ಹೊರಡುವ ಮೊದಲು ಆ ಆಸ್ಪತ್ರೆ ಸೇರಿದೆಯೇ ಎಂದು ವಿಚಾರಿಸಿಕೊಳ್ಳಿ.

ಇ.ಎಸ್.ಐ. ಕಟ್ಟುವವರಿಗೆ ಕಾಯಿಲೆಯ ರಜೆಯಲ್ಲಿ ಕೂಲಿಯ ನೂರಕ್ಕೆ ಎಪ್ಪತ್ತರಷ್ಟು, ವರ್ಷಕ್ಕೆ ೯೧ ದಿನ ಸಿಗುವುದೆಂದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿಲ್ಲದ್ದು, ದೀರ್ಘ ಕಾಯಿಲೆಗಳ ಪಟ್ಟಿಯೊಂದಿದೆ, ಅದರಲ್ಲಿ ಕ್ಯಾನ್ಸರೂ ಸೇರಿದೆ ಎಂಬುದು. ಆ ಪಟ್ಟಿಯ ಕಾಯಿಲೆಯಾದರೆ ನೂರಕ್ಕೆ ಎಂಬತ್ತರಂತೆ ಎರಡು ವರ್ಷದ ತನಕ ಸಿಗುತ್ತದೆ. ಇದಕ್ಕೆ ಎರಡು ವರ್ಷ ಸತತವಾಗಿ ವಿಮೆಯ ಕೆಲಸದಲ್ಲಿರಬೇಕು, ಹಿಂದಿನ ನಾಲ್ಕು ವಂತಿಗೆ ಅವಧಿಗಳಲ್ಲಿ ಒಟ್ಟು ೧೫೬ ದಿನದ ವಂತಿಗೆ ಕಟ್ಟಿರಬೇಕು. ಮೇಸ್ತ್ರಿ ಬದಲಾದಾಗಲೆಲ್ಲ ಹೊಸ ನಂಬರು ಮಾಡಿಸಿಕೊಂಡವರ ದಿನಗಳು ಚದುರಿ ಈ ಲೆಕ್ಕ ಕೆಡುತ್ತದೆ. ಹಳೆಯ ನಂಬರನ್ನೇ ಮುಂದುವರಿಸುವಂತೆ ಹೇಳಿ. ಸರ್ಟಿಫಿಕೇಟಿನಲ್ಲಿ ಬರೀ ‘ಕುತ್ತಿಗೆಯ ಗಂಟು’ ಎಂದಿದ್ದರೆ ಸಾಮಾನ್ಯ ಕಾಯಿಲೆಯ ಲೆಕ್ಕಕ್ಕೆ ಹೋಗುತ್ತದೆ. ಪ್ರಯೋಗಶಾಲೆಯ ಕಾಗದದ ಪ್ರತಿಯನ್ನು ಗುಣದಲದ ಇ.ಎಸ್.ಐ. ಆಸ್ಪತ್ರೆಯ ಡಾಕ್ಟರರಿಗೆ ತೋರಿಸಿ, ಕಾಯಿಲೆಯ ಪೂರ್ತಿ ಹೆಸರನ್ನು ಬರೆಸಿಕೊಂಡು ಬನ್ನಿ. ಅರ್ಜಿ ತುಂಬಲು ತಿಳಿಯದವರಿಗೆ ಭಾನುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರ ತನಕ ವಾಚನಾಲಯದ ಮೇಜಿನಲ್ಲಿ ಬರೆದುಕೊಡಲಾಗುವುದು; ಇ.ಎಸ್.ಐ. ನಂಬರು, ಆಧಾರ್ ಮತ್ತು ಬ್ಯಾಂಕಿನ ಪಾಸ್‌ಬುಕ್ಕು ಜೊತೆಗಿರಲಿ.